ಕರೆಂಟ್ ತಾಗಿದ ಕೋಶ, ತಾಗದ ನೆರೆಯ ಕೋಶ, ತಾತನ ತೊಡೆಯ ಮೇಲಿನ ಮಗು

ಪ್ರಶ್ನೆ: ನಮ್ಮದು ಬಂಗಾರಪೇಟೆ ಹತ್ತಿರದ ಹಳ್ಳಿ. ಮಾವನವರಿಗೆ 63 ವರ್ಷ. ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಅಂತ ಬೆಂಗಳೂರಿನಲ್ಲಿ ಕರೆಂಟ್ (ಕಿರಣ ಚಿಕಿತ್ಸೆ) ಕೊಡಿಸುತ್ತಿದ್ದೇವೆ. 33 ಸಿಟ್ಟಿಂಗ್ ಬರೆದಿದ್ದಾರೆ, 19 ಮುಗಿದಿದೆ. ಮಾರಿಕುಪ್ಪಂ ರೈಲಿನಲ್ಲಿ ದಿನಾ ಹೋಗಿ ಬರುತ್ತಾರೆ. ಗೆಡ್ಡೆ ಇರುವ ಜಾಗಕ್ಕೆ ಮಾತ್ರ ಕಿರಣ ಬಿಡುತ್ತೇವೆ ಅಂದಿದ್ದಾರೆ ಡಾಕ್ಟರು. ಆದರೆ ಬಿ.ಎಸ್ಸಿ ಓದುತ್ತಿರುವ ನನ್ನ ಮೈದುನ, ಕಿರಣ ಬೀಳದ ಪಕ್ಕದ ಕೋಶಗಳಿಗೂ ಹಾನಿಯಾಗುತ್ತದೆ ಅಂತ ಸಂಶೋಧನೆ ಇದೆ ಎನ್ನುತ್ತಾನೆ. ಅದನ್ನು ಕೇಳಿದ ಮೇಲೆ ನನ್ನ ಓರಗಿತ್ತಿ ತನ್ನ ಎರಡು ವರ್ಷದ ಮಗುವನ್ನು ತಾತನ ಹತ್ತಿರ ಬಿಡುತ್ತಿಲ್ಲ. ತಟ್ಟೆ, ಲೋಟ ಬೇರೆ ಮಾಡಿದ್ದಾರೆ. ಮನೆಯಲ್ಲಿ ಒಂದು ಶುಭಕಾರ್ಯ ಇದೆ, ನಾಲ್ಕು ದಿನ ಕರೆಂಟ್ ನಿಲ್ಲಿಸೋಣ ಅಂತಲೂ ಮಾತು ನಡೆದಿದೆ. ಮಾವನವರು ಕೆಜಿಎಫ್ ಗಣಿ ಮುಚ್ಚುವವರೆಗೆ ಅಲ್ಲೇ ಕೆಲಸದಲ್ಲಿದ್ದವರು. ಕಾಯಿಲೆ ಅದರಿಂದ ಬಂದಿರಬಹುದೇ? ಯಾವುದನ್ನು ನಂಬಬೇಕು?

ಉತ್ತರ: ಮೊದಲು ಮಗುವಿನ ವಿಷಯ, ಅದು ಕಾಯಬಾರದು. ಮಗುವನ್ನು ಇವತ್ತೇ ತಾತನ ತೊಡೆಯ ಮೇಲೆ ಕೂರಿಸಿ. ತಟ್ಟೆ, ಲೋಟ, ಹಾಸಿಗೆ, ಟವೆಲ್ಲು ಯಾವುದನ್ನೂ ಬೇರೆ ಮಾಡಬೇಕಾಗಿಲ್ಲ. ನಿಮ್ಮ ಮಾವನವರಿಗೆ ಕೊಡುತ್ತಿರುವ ಚಿಕಿತ್ಸೆಯಿಂದ ಮನೆಯವರಿಗಾಗಲಿ, ರೈಲಿನಲ್ಲಿ ಪಕ್ಕ ಕೂತವರಿಗಾಗಲಿ ಯಾವ ಅಪಾಯವೂ ಇಲ್ಲ. ಕ್ಯಾನ್ಸರ್ ಕೂಡ ಮುಟ್ಟಿದರೆ, ಜೊತೆಗೆ ಉಂಡರೆ ಅಂಟುವ ಕಾಯಿಲೆಯಲ್ಲ.

ಈಗ ಮೈದುನನ ಮಾತು. ಅವನು ಓದಿದ್ದು ಸುಳ್ಳಲ್ಲ. ಕಿರಣ ತಾಗದ ನೆರೆಯ ಕೋಶಗಳಲ್ಲೂ ಬದಲಾವಣೆ ಆಗುತ್ತದೆ ಅನ್ನುವುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಅದಕ್ಕೆ ಬೈಸ್ಟ್ಯಾಂಡರ್ ಎಫೆಕ್ಟ್ ಎನ್ನುತ್ತಾರೆ. ಡಾಕ್ಟರು ಹೇಳಿದ್ದೂ ಸುಳ್ಳಲ್ಲ. ಎಡವಟ್ಟಾಗಿರುವುದು ಎಲ್ಲಿ ಅಂದರೆ, ಒಂದು ದೇಹದೊಳಗೆ ಕೋಶದಿಂದ ಕೋಶಕ್ಕೆ ಹೋಗುವ ಸಂಗತಿಯನ್ನು ನಿಮ್ಮ ಮನೆಯವರು ಮನುಷ್ಯರಿಂದ ಮನುಷ್ಯರಿಗೆ ಹೋಗುತ್ತದೆ ಅಂದುಕೊಂಡಿದ್ದಾರೆ. ಹೆದರಿಕೆ ಸಹಜ, ಬೈಯುವಂಥದ್ದಲ್ಲ. ಓಪಿಡಿಯಲ್ಲಿ ಅತಿ ಹೆಚ್ಚು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಎಷ್ಟೋ ಮನೆಗಳಲ್ಲಿ ರೋಗಿಗಳು ಕ್ಯಾನ್ಸರಿಗಿಂತ ಜಾಸ್ತಿ ನೊಂದಿದ್ದು ಮೊಮ್ಮಕ್ಕಳನ್ನು ದೂರ ಇಟ್ಟಿದ್ದಕ್ಕೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಿಮ್ಮ ಮೈದುನನಿಗೂ ಓದಿಸಿ.

ನಿಮ್ಮ ಮಾವನವರನ್ನು ಮೇಜಿನ ಮೇಲೆ ಮಲಗಿಸಿ, ಮುಖ ಮತ್ತು ಕತ್ತಿಗೆ ಬಲೆಯಂಥ ಪ್ಲಾಸ್ಟಿಕ್ ಮಾಸ್ಕ್ ಬಿಗಿದು, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕುತ್ತಾರೆ, ಅಲ್ವಾ? ಆಮೇಲೆ ಮಷೀನ್ ಆನ್ ಆಗುತ್ತದೆ. ಈಗಿನ ಬಹುಪಾಲು ಮಷೀನುಗಳು ಲಿನಾಕ್‌ಗಳು. ಅದರಲ್ಲಿ ವೇಗವಾಗಿ ಓಡುವ ಎಲೆಕ್ಟ್ರಾನುಗಳು ಒಂದು ಲೋಹದ ತುಂಡಿಗೆ ಬಡಿದು ಎಕ್ಸ್‌ರೇ ಹುಟ್ಟುತ್ತದೆ. ಎದೆಯ ಫೋಟೋ ತೆಗೆಯುವ ಎಕ್ಸ್‌ರೇಯದೇ ಜಾತಿ, ಶಕ್ತಿ ಮಾತ್ರ ಬಹಳ ಹೆಚ್ಚು. ಸ್ವಿಚ್ ಆಫ್ ಮಾಡಿದ ಕ್ಷಣಕ್ಕೆ ಕಿರಣ ಮುಗಿಯಿತು. ಗಾಳಿಯಲ್ಲಿ ಉಳಿಯುವುದಿಲ್ಲ, ಬಟ್ಟೆಗೆ ಅಂಟುವುದಿಲ್ಲ, ಕತ್ತಿನೊಳಗೆ ಕೂತಿರುವುದಿಲ್ಲ. ಸಿಬ್ಬಂದಿ ಹೊರಗೆ ಹೋಗುವುದು ಆ ಕೆಲವು ನಿಮಿಷ ಮಷೀನ್ ಓಡುವಾಗ ಮಾತ್ರ. ಮುಗಿದ ತಕ್ಷಣ ಅವರೇ ಒಳಗೆ ಬಂದು ಬರಿಗೈಯಲ್ಲಿ ಮಾಸ್ಕ್ ಬಿಚ್ಚುತ್ತಾರೆ. ಕೋಬಾಲ್ಟ್ ಮಷೀನ್ ಆದರೂ ಅಷ್ಟೆ. ಅದರಲ್ಲಿ ಕಿರಣ ಬಿಡುವ ವಸ್ತು ಮಷೀನಿನೊಳಗೇ ಇರುತ್ತದೆ, ರೋಗಿಯ ಮೈಗೆ ಹೋಗುವುದಿಲ್ಲ.

ಬೇರೆ ಕೆಲವು ಚಿಕಿತ್ಸೆಗಳಲ್ಲಿ ಮಾತ್ರ ದೂರ ಇರಬೇಕಾಗುತ್ತದೆ. ಥೈರಾಯ್ಡ್ ಕ್ಯಾನ್ಸರಿಗೆ ರೇಡಿಯೋ ಅಯೋಡಿನ್ ಕುಡಿಸಿದರೆ ಆ ವಸ್ತು ಕೆಲವು ದಿನ ಮೈಯಲ್ಲೇ ಇರುತ್ತದೆ. ಅದರ ಅರ್ಧಾಯುಷ್ಯ 8 ದಿನ, ಅಂದರೆ ಪ್ರತಿ 8 ದಿನಕ್ಕೆ ಅದು ಅರ್ಧಕ್ಕೆ ಇಳಿಯುತ್ತದೆ. ಅವರಿಗೆ ಆಸ್ಪತ್ರೆಯವರೇ ಎಷ್ಟು ದಿನ, ಎಷ್ಟು ದೂರ ಅಂತ ಬರೆದು ಕೊಡುತ್ತಾರೆ. ಪೆಟ್ ಸ್ಕ್ಯಾನ್ (ಕಿರಣ ಬಿಡುವ ವಸ್ತುವನ್ನು ಮೈಗೆ ಚುಚ್ಚಿ ಮಾಡುವ ಪರೀಕ್ಷೆ) ಮಾಡಿಸಿದ ದಿನ ಕೆಲವು ಗಂಟೆ ಎಳೆಮಕ್ಕಳನ್ನು, ಬಸುರಿಯರನ್ನು ಹತ್ತಿರ ಕೂರಿಸಿಕೊಳ್ಳಬೇಡಿ ಅನ್ನುತ್ತಾರೆ. ಮರುದಿನ ಅದೂ ಇಲ್ಲ. ನಿಮ್ಮ ಮಾವನವರದು ಇವೆರಡೂ ಅಲ್ಲ.

ಇನ್ನು ಕಿರಣ ಒಂದು ಕೋಶಕ್ಕೆ ಏನು ಮಾಡುತ್ತದೆ ಅನ್ನುವುದಕ್ಕೆ ಬರೋಣ. ಸುಟ್ಟು ಹಾಕುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕತ್ತಿನ ಚರ್ಮ ಕಪ್ಪಾಗುವುದನ್ನು ನೋಡಿದರೆ ಹಾಗನ್ನಿಸುವುದು ಸರಿಯೇ. ಆದರೆ ಬಿಸಿಯ ಲೆಕ್ಕ ಹಾಕಿದರೆ ಆಶ್ಚರ್ಯ ಆಗುತ್ತದೆ. ಕಿರಣದ ಅಳತೆ ಗ್ರೇ. ಒಂದು ಕಿಲೋ ಮಾಂಸಖಂಡ ಒಂದು ಜೌಲ್ ಶಕ್ತಿ ಹೀರಿದರೆ 1 ಗ್ರೇ. ಗಂಟಲಿಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇ ಕೊಡುತ್ತಾರೆ. ಅಷ್ಟರಿಂದ ಆ ಜಾಗ ಬಿಸಿಯಾಗುವುದು ಒಂದು ಡಿಗ್ರಿಯನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಅರ್ಧ ಪಾಲು. ಜ್ವರ ಬಂದಾಗ ಮೈ ಇದರ ಸಾವಿರಾರು ಪಟ್ಟು ಜಾಸ್ತಿ ಬಿಸಿಯಾಗಿರುತ್ತದೆ. ಹಾಗಾದರೆ ಕೋಶ ಸಾಯುವುದು ಹೇಗೆ?

ಶಕ್ತಿ ಸಣ್ಣದು, ಆದರೆ ಅದು ಬೀಳುವ ರೀತಿ ಬೇರೆ. ಎಲ್ಲ ಕಡೆ ಹರಡಿಕೊಳ್ಳದೆ ಅಲ್ಲೊಂದು ಇಲ್ಲೊಂದು ಅಣುವಿನ ಮೇಲೆ ಒಟ್ಟಿಗೆ ಎರಗುತ್ತದೆ. ಎಕ್ಸ್‌ರೇ ಮೈಯೊಳಗೆ ಎಲೆಕ್ಟ್ರಾನುಗಳನ್ನು ಕಿತ್ತು ಓಡಿಸುತ್ತದೆ. ಆ ಎಲೆಕ್ಟ್ರಾನ್ ದಾರಿಯಲ್ಲಿ ಸಿಕ್ಕ, ಕೋಶದ ಕೆಲಸದ ಸೂಚನೆಯನ್ನೆಲ್ಲ ಎರಡು ಎಳೆಗಳಲ್ಲಿ ಬರೆದಿಟ್ಟಿರುವ ಡಿಎನ್‌ಎಯನ್ನು ನೇರವಾಗಿ ಹರಿಯಬಹುದು. ಆದರೆ ಕೋಶದಲ್ಲಿ ಹೆಚ್ಚಿರುವುದು ನೀರು. ಹಾಗಾಗಿ ಹೆಚ್ಚಿನ ಸಲ ಏಟು ಬೀಳುವುದು ನೀರಿಗೆ. ನೀರಿನ ಅಣು ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಅನ್ನುವ ಚೂರು ಹುಟ್ಟುತ್ತದೆ. ಅದರ ಆಯಸ್ಸು ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲು. ಅಷ್ಟರೊಳಗೆ ಪಕ್ಕದಲ್ಲಿ ಏನು ಸಿಗುತ್ತದೋ ಅದನ್ನು ಕಚ್ಚುತ್ತದೆ. ಎಕ್ಸ್‌ರೇಯಿಂದ ಡಿಎನ್‌ಎಗೆ ಆಗುವ ಹಾನಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೀಗೆ ನೀರಿನ ಮೂಲಕವೇ ಆಗುವುದು.

1 ಗ್ರೇ ಬಿದ್ದರೆ ಒಂದೊಂದು ಕೋಶದಲ್ಲೂ ಡಿಎನ್‌ಎಯ ಒಂದು ಎಳೆ ಸುಮಾರು ಸಾವಿರ ಕಡೆ ಕಡಿಯುತ್ತದೆ. ಎರಡೂ ಎಳೆ ಒಟ್ಟಿಗೆ ಕಡಿಯುವುದು 35ರಿಂದ 40 ಕಡೆ. ಸಾವಿರ ಅನ್ನುವುದನ್ನು ಕೇಳಿ ಗಾಬರಿಯಾಗಬೇಡಿ. ಒಂದೇ ಎಳೆ ಕಡಿದರೆ ಎದುರಿನ ಎಳೆ ನೋಡಿಕೊಂಡು ಕೋಶ ಸರಿಪಡಿಸಿಕೊಳ್ಳುತ್ತದೆ. ಉಸಿರಾಡಿ, ಉಂಡು ಬದುಕುವುದರಿಂದಲೇ ನಮ್ಮ ಒಂದೊಂದು ಕೋಶದಲ್ಲೂ ದಿನಕ್ಕೆ ಸಾವಿರಾರು ಸಣ್ಣ ಹಾನಿ ಆಗಿ ರಿಪೇರಿ ಆಗುತ್ತಲೇ ಇರುತ್ತದೆ. ಕಷ್ಟ ಬರುವುದು ಎರಡೂ ಎಳೆ ಒಂದೇ ಜಾಗದಲ್ಲಿ ಕಡಿದಾಗ, ಅದರ ಅಕ್ಕಪಕ್ಕವೂ ಗಾಸಿಯಾಗಿದ್ದಾಗ. ಆಗ ನೋಡಿಕೊಂಡು ಹೊಲಿಯಲು ಸರಿಯಾದ ಪ್ರತಿ ಹತ್ತಿರದಲ್ಲಿ ಇರುವುದಿಲ್ಲ. ತುದಿಗೆ ತುದಿ ಹೇಗೋ ಸೇರಿಸುತ್ತದೆ. ಕೆಲವು ಸಲ ತಪ್ಪು ತುದಿಗಳು ಸೇರುತ್ತವೆ.

ಅಂಥ ಕೋಶ ಕೂಡ ಕೂಡಲೇ ಸಾಯುವುದಿಲ್ಲ. ಮೇಲ್ನೋಟಕ್ಕೆ ಚೆನ್ನಾಗಿಯೇ ಇರುತ್ತದೆ. ಎರಡಾಗಿ ಒಡೆಯುವ ಹೊತ್ತು ಬಂದಾಗ ಡಿಎನ್‌ಎ ಸುತ್ತಿಟ್ಟ ಕಟ್ಟುಗಳಾದ ಕ್ರೋಮೋಸೋಮುಗಳನ್ನು ಸರಿಯಾಗಿ ಹಂಚಲು ಆಗದೆ ಸಾಯುತ್ತದೆ. ಬೇಗ ಬೇಗ ಒಡೆಯುವ ಕೋಶಗಳಿಗೆ ಕಿರಣ ಜಾಸ್ತಿ ಹೊಡೆಯುತ್ತದೆ ಅಂತ ಫ್ರಾನ್ಸಿನ ಬೆರ್ಗೋನಿಯೆ ಮತ್ತು ಟ್ರಿಬೊಂಡೋ 1906ರಲ್ಲೇ ಬರೆದಿದ್ದರು. ಬಾಯಿಯ ಒಳಪದರ ದಿನಾ ಹೊಸದಾಗಿ ಹುಟ್ಟುವಂಥದ್ದು, ಆದ್ದರಿಂದ ಅದು ಮೊದಲು ಹುಣ್ಣಾಗುತ್ತದೆ. ನಿಮ್ಮ ಮಾವನವರಿಗೆ ಮೊದಲ ವಾರ ಏನೂ ಆಗದೆ ಮೂರನೇ ವಾರಕ್ಕೆ ನುಂಗಲು ನೋವು ಶುರುವಾಗಿದ್ದರೆ ಕಾರಣ ಇದೇ. ಚಿಕಿತ್ಸೆ ಕೆಟ್ಟಿತು ಅಂತ ಅಲ್ಲ.

ಒಂದೇ ದಿನ ಎಲ್ಲವನ್ನೂ ಕೊಡದೆ 33 ದಿನಕ್ಕೆ ಹಂಚಿರುವುದು ಯಾಕೆ ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ದಿನಕ್ಕೆ 2 ಗ್ರೇ ಅಂದರೆ ಒಂದು ಕೋಶಕ್ಕೆ 70-80 ದೊಡ್ಡ ಕಡಿತ. ಒಳ್ಳೆಯ ಕೋಶ ಅದರಲ್ಲಿ ಹೆಚ್ಚಿನದನ್ನು ಮರುದಿನದ ಹೊತ್ತಿಗೆ ಸರಿಪಡಿಸಿಕೊಂಡಿರುತ್ತದೆ. ಕ್ಯಾನ್ಸರ್ ಕೋಶಕ್ಕೆ ಸಾಮಾನ್ಯವಾಗಿ ಆ ಚುರುಕು ಕಡಿಮೆ. ದಿನದಿಂದ ದಿನಕ್ಕೆ ಈ ಅಂತರ ಬೆಳೆಯುತ್ತಾ ಹೋಗುತ್ತದೆ.

ನಾಲ್ಕು ದಿನ ನಿಲ್ಲಿಸುವ ಮಾತಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ದಯವಿಟ್ಟು ನಿಲ್ಲಿಸಬೇಡಿ. ಸುಮಾರು ನಾಲ್ಕು ವಾರ ಕಳೆದ ಮೇಲೆ ಉಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ಹೆಚ್ಚತೊಡಗುತ್ತವೆ. ಗಂಟಲಿನ ಕ್ಯಾನ್ಸರಿನಲ್ಲಿ ಒಟ್ಟು ಅವಧಿ ಒಂದು ದಿನ ಉದ್ದವಾದರೆ ಗೆಡ್ಡೆ ಹತೋಟಿಗೆ ಬರುವ ಸಾಧ್ಯತೆ ಶೇಕಡ ಒಂದರಿಂದ ಒಂದೂವರೆಯಷ್ಟು ಇಳಿಯುತ್ತದೆ. 19 ಮುಗಿದಿದೆ ಅಂದರೆ ನೀವು ಸರಿಯಾಗಿ ಆ ಹೊತ್ತಿಗೇ ಬಂದಿದ್ದೀರಿ. ಶುಭಕಾರ್ಯದ ದಿನ ಬೆಳಗಿನ ಸ್ಲಾಟ್ ಕೊಡಿ ಅಂತ ಕೇಳಿ. ಕೇಳಿದರೆ ಸಾಮಾನ್ಯವಾಗಿ ಹೊಂದಿಸಿ ಕೊಡುತ್ತಾರೆ.

ಈಗ ನೆರೆಯ ಕೋಶಗಳು. ಇದರಲ್ಲಿ ಎರಡು ಬೇರೆ ಬೇರೆ ಸಂಗತಿ ಇವೆ. ಗೆಡ್ಡೆಯ ಸುತ್ತಲಿನ ಒಳ್ಳೆಯ ಕೋಶಗಳಿಗೂ ಸ್ವಲ್ಪ ಕಿರಣ ಬಿದ್ದೇ ಬೀಳುತ್ತದೆ. ಕಿರಣ ಚರ್ಮ ದಾಟಿ ಒಳಗೆ ಹೋಗಬೇಕು, ಆಚೆ ಕಡೆಯಿಂದ ಹೊರಗೆ ಬರಬೇಕು, ಒಂದಿಷ್ಟು ಚದುರುತ್ತದೆ. ಡಾಕ್ಟರು ಮತ್ತು ಮೆಡಿಕಲ್ ಫಿಸಿಸಿಸ್ಟ್ ಸೇರಿ ಕಂಪ್ಯೂಟರಿನಲ್ಲಿ ಇದನ್ನೆಲ್ಲ ಲೆಕ್ಕ ಹಾಕಿ, ಎಂಜಲು ಗ್ರಂಥಿಗೆ ಎಷ್ಟು, ಬೆನ್ನುಹುರಿಗೆ ಎಷ್ಟು ಅಂತ ಮಿತಿ ಇಟ್ಟಿರುತ್ತಾರೆ. ಇವು ಕಿರಣ ತಾಗಿದ ನೆರೆಯ ಕೋಶಗಳೇ. ಗೆಡ್ಡೆಗೆ ಮಾತ್ರ ಅಂತ ಡಾಕ್ಟರು ಅಂದದ್ದು ಸುಲಭವಾಗಿ ಅರ್ಥವಾಗಲಿ ಅಂತ.

ನಿಮ್ಮ ಮೈದುನ ಹೇಳಿದ್ದು ಇನ್ನೊಂದು ಬಗೆ. ಒಂದು ಕಿರಣವೂ ತಾಗದ ಕೋಶ.

1992ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ನಾಗಸಾವಾ ಮತ್ತು ಲಿಟಲ್ ಅನ್ನುವ ಇಬ್ಬರು ಒಂದು ಪ್ರಯೋಗ ಪ್ರಕಟಿಸಿದರು. ತೆಳುವಾದ ತಳದ ತಟ್ಟೆಯಲ್ಲಿ ಹ್ಯಾಮ್‌ಸ್ಟರ್ ಎಂಬ ಸಣ್ಣ ಪ್ರಾಣಿಯ ಕೋಶಗಳನ್ನು ಬೆಳೆಸಿ, ಕೆಳಗಿನಿಂದ ಆಲ್ಫಾ ಕಣಗಳನ್ನು ಬಿಟ್ಟರು. ಆಲ್ಫಾ ಕಣ ದಪ್ಪನೆಯದು, ಒಂದೊಂದು ಕಣವೂ ಒಂದೊಂದು ಏಟು. ಹಾಗಾಗಿ ಎಷ್ಟು ಕೋಶಕ್ಕೆ ಏಟು ಬಿತ್ತು ಅಂತ ಲೆಕ್ಕ ಹಾಕಬಹುದು. ಅವರು ಬಿಟ್ಟಿದ್ದು ತೀರಾ ಕಡಿಮೆ. ನೂರು ಕೋಶಗಳಲ್ಲಿ ಒಂದರ ಕೇಂದ್ರಕ್ಕೂ ಕಣ ಹಾದುಹೋಗಿರಲಾರದು ಅನ್ನುವಷ್ಟು. ಆಮೇಲೆ ಕ್ರೋಮೋಸೋಮುಗಳನ್ನು ನೋಡಿದರೆ, ಎರಡು ಪ್ರತಿಗಳ ನಡುವೆ ತುಂಡುಗಳು ಅದಲುಬದಲಾದ ಗುರುತು ನೂರಕ್ಕೆ 30 ಕೋಶಗಳಲ್ಲಿ ಹೆಚ್ಚಾಗಿತ್ತು. ಏಟು ತಿಂದದ್ದು ಒಂದಕ್ಕಿಂತ ಕಡಿಮೆ, ಗುರುತು ಮೂವತ್ತರಲ್ಲಿ. ಕಿರಣ ಡಿಎನ್‌ಎಗೆ ತಾಗಿದರೆ ಮಾತ್ರ ಹಾನಿ ಅಂತ ಅಲ್ಲಿಯವರೆಗೆ ಪಾಠದಲ್ಲಿತ್ತು. ಈ ಲೆಕ್ಕ ಅದಕ್ಕೆ ಹೊಂದಲಿಲ್ಲ.

ನನಗೆ ಇದಕ್ಕಿಂತ ಇಷ್ಟವಾದದ್ದು 1997ರ ಒಂದು ಪ್ರಯೋಗ, ಐರ್ಲೆಂಡಿನ ಮದರ್‌ಸಿಲ್ ಮತ್ತು ಸೀಮೋರ್ ಅವರದು. ಪ್ರಯೋಗಾಲಯದಲ್ಲಿ ಕೋಶಗಳು ಒಂದು ಬಗೆಯ ಪೋಷಕ ದ್ರವದಲ್ಲಿ ಮುಳುಗಿ ಬೆಳೆಯುತ್ತವೆ. ಅವರು ಮನುಷ್ಯನ ಒಳಪದರದ ಕೋಶಗಳಿಗೆ ಕಿರಣ ಕೊಟ್ಟರು. ಸ್ವಲ್ಪ ಹೊತ್ತು ಬಿಟ್ಟು ಆ ಕೋಶಗಳು ಮುಳುಗಿದ್ದ ದ್ರವವನ್ನು ಮಾತ್ರ ತೆಗೆದು, ಒಂದು ಕೋಶವೂ ದಾಟದಂತೆ ಸೋಸಿ, ಕಿರಣವನ್ನೇ ಕಾಣದ ಬೇರೆ ತಟ್ಟೆಯ ಕೋಶಗಳಿಗೆ ಹಾಕಿದರು. ಆ ಕೋಶಗಳಲ್ಲೂ ಒಂದಿಷ್ಟು ಸತ್ತವು. ಇಲ್ಲಿ ಜಾಣ ಓದುಗರು ಕೇಳಬಹುದು, ದ್ರವಕ್ಕೇ ಕಿರಣ ತಾಗಿ ಅದೇ ಕೆಟ್ಟಿರಬಹುದಲ್ವಾ ಅಂತ. ಅದನ್ನೂ ನೋಡಿದರು. ಕೋಶಗಳಿಲ್ಲದ ಬರೀ ದ್ರವಕ್ಕೆ ಕಿರಣ ಕೊಟ್ಟು ಹಾಕಿದಾಗ ಏನೂ ಆಗಲಿಲ್ಲ. ಅಂದರೆ ಏಟು ತಿಂದ ಕೋಶಗಳು ತಾವೇ ಏನನ್ನೋ ದ್ರವಕ್ಕೆ ಬಿಡುತ್ತಿದ್ದವು. ಎಲ್ಲ ಜಾತಿಯ ಕೋಶಗಳೂ ಹೀಗೆ ಮಾಡಲಿಲ್ಲ ಅನ್ನುವುದೂ ಅಲ್ಲೇ ಕಂಡಿತು. ಒಳಪದರದ ಕೋಶಗಳು ಬಿಟ್ಟವು, ನಾರುಕೋಶಗಳು ಬಿಡಲಿಲ್ಲ.

ಆಮೇಲೆ ಒಂದೇ ಒಂದು ಕೋಶಕ್ಕೆ ಗುರಿ ಇಟ್ಟು ಹೊಡೆಯುವ ಮೈಕ್ರೋಬೀಮ್ ಯಂತ್ರಗಳು ಬಂದವು. ಕೇಂದ್ರವನ್ನು ಬಿಟ್ಟು ಕೋಶದ ಅಂಚಿಗೆ ಮಾತ್ರ ಆಲ್ಫಾ ಕಣ ಹೊಡೆದರೂ ಕೇಂದ್ರದ ಡಿಎನ್‌ಎಯಲ್ಲಿ ರೂಪಾಂತರ ಆಗುತ್ತದೆ ಅಂತ 1999ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ತೋರಿಸಿದರು. ಹಾಗೆ ನೋಡಿದರೆ ಸುಳಿವು ಬಹಳ ಹಿಂದೆಯೇ ಇತ್ತು. ರಕ್ತದ ಕ್ಯಾನ್ಸರಿಗೆ ಗುಲ್ಮಕ್ಕೆ (ಹೊಟ್ಟೆಯ ಎಡಭಾಗದ ಸ್ಪ್ಲೀನ್) ಮಾತ್ರ ಕಿರಣ ಕೊಟ್ಟ ಮಕ್ಕಳಲ್ಲಿ ಎದೆಮೂಳೆಯ ಮಜ್ಜೆಯೂ ಗಾಸಿಯಾಗಿರುವುದನ್ನು 1954ರಲ್ಲೇ ವೈದ್ಯರು ಬರೆದಿದ್ದರು. ಆಗ ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಕೋಶಗಳು ಸುದ್ದಿ ಮುಟ್ಟಿಸುವುದು ಎರಡು ದಾರಿಯಲ್ಲಿ. ಒಂದು, ಮೈಗೆ ಮೈ ತಾಗಿಕೊಂಡ ಕೋಶಗಳ ನಡುವಿನ ಗ್ಯಾಪ್ ಜಂಕ್ಷನ್. ನಮ್ಮ ಹಳ್ಳಿಗಳಲ್ಲಿ ಒಂದೇ ಗೋಡೆ ಹಂಚಿಕೊಂಡ ಅಣ್ಣ ತಮ್ಮಂದಿರ ಮನೆಗಳಿಗೆ ನಡುವೆ ಒಂದು ಕಿಂಡಿ ಇರುತ್ತದಲ್ಲ, ಬಟ್ಟಲು ಸಾರು, ಹಿಡಿ ಉಪ್ಪು ಅದರಲ್ಲೇ ದಾಟುತ್ತದೆ. ಇದೂ ಹಾಗೆಯೇ. ಸಣ್ಣ ಅಣುಗಳು ದಾಟುತ್ತವೆ, ದೊಡ್ಡವು ದಾಟುವುದಿಲ್ಲ. ರಾಸಾಯನಿಕ ಹಾಕಿ ಈ ಜಂಕ್ಷನ್ ಮುಚ್ಚಿದಾಗ ನೆರೆಯ ಕೋಶಗಳ ಪ್ರತಿಕ್ರಿಯೆ ಬಹಳ ತಗ್ಗುತ್ತದೆ. ಎರಡನೆಯದು, ಕೋಶದ ಹೊರಗಿನ ದ್ರವಕ್ಕೆ ಬಿಡುವ ವಸ್ತುಗಳು. ನೈಟ್ರಿಕ್ ಆಕ್ಸೈಡ್, ಆಮ್ಲಜನಕದ ಚುರುಕು ರೂಪಗಳು, ಉರಿಯೂತ ಎಬ್ಬಿಸುವ ಪ್ರೋಟೀನುಗಳು. ಇವು ವಿಕಿರಣ ಅಲ್ಲ. ಬೆರಳು ಕುಯ್ದುಕೊಂಡಾಗ, ಸೋಂಕು ತಗುಲಿದಾಗ ಕೋಶಗಳು ಒಂದಕ್ಕೊಂದು ಕಳಿಸುವ ವಸ್ತುಗಳೇ ಇವು. ಕಿರಣ ಬಿದ್ದಾಗಲೂ ದೇಹ ಅದೇ ಹಳೆಯ ದಾರಿಯನ್ನೇ ಬಳಸುತ್ತದೆ.

ಸುದ್ದಿ ತಲುಪಿದ ಕೋಶ ಏನು ಮಾಡುತ್ತದೆ ಅನ್ನುವುದು ಕೋಶದಿಂದ ಕೋಶಕ್ಕೆ ಬೇರೆ. ಕೆಲವು ಸಾಯುತ್ತವೆ. ಕೆಲವದರ ಡಿಎನ್‌ಎಯಲ್ಲಿ ತಪ್ಪು ಸೇರಿಕೊಳ್ಳುತ್ತದೆ. ಇನ್ನು ಕೆಲವು ರಿಪೇರಿ ವ್ಯವಸ್ಥೆಯನ್ನು ಮೊದಲೇ ಚುರುಕು ಮಾಡಿಕೊಂಡು ಗಟ್ಟಿಯಾಗುತ್ತವೆ. ಹಾನಿಗೊಳಗಾದ ಕೋಶ ತಾನೇ ಸಾಯುವುದು ಇಡೀ ದೇಹದ ಲೆಕ್ಕದಲ್ಲಿ ಒಳ್ಳೆಯದೂ ಹೌದು, ಯಾಕೆಂದರೆ ಸತ್ತ ಕೋಶ ಕ್ಯಾನ್ಸರ್ ಆಗುವುದಿಲ್ಲ. ಹಾಗಾಗಿ ಬೈಸ್ಟ್ಯಾಂಡರ್ ಎಫೆಕ್ಟ್ ಅಂದರೆ ಬರೀ ಕೆಡುಕು ಅಂತ ಹೇಳಿಬಿಡುವುದು ನನಗೆ ಸರಿ ಕಾಣುವುದಿಲ್ಲ.

ಎಷ್ಟು ದೂರ ಹೋಗುತ್ತದೆ? 2005ರಲ್ಲಿ ಮನುಷ್ಯನ ಚರ್ಮದ ಮಾದರಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಒಂದು ಗೆರೆಯಷ್ಟು ಜಾಗಕ್ಕೆ ಮಾತ್ರ ಮೈಕ್ರೋಬೀಮ್ ಹಾಯಿಸಿ ನೋಡಿದರು. ಪರಿಣಾಮ ಕಂಡದ್ದು ಸುಮಾರು 1 ಮಿಲಿಮೀಟರ್ ದೂರದವರೆಗೆ. ಕೋಶದ ಗಾತ್ರಕ್ಕೆ ಅದು ದೊಡ್ಡ ದೂರವೇ, ಹತ್ತಾರು ಕೋಶಗಳನ್ನು ದಾಟಿದಂತೆ. ನಿಮ್ಮ ಮಾವನವರ ಚರ್ಮವನ್ನು ದಾಟಿ ಮಗುವಿಗೆ ಹೋಗಲು ದಾರಿಯೇ ಇಲ್ಲ.

ಮೈದುನ ಇನ್ನೂ ಹುಡುಕಿದರೆ ಎರಡು ಸಂಶೋಧನೆ ಕಣ್ಣಿಗೆ ಬೀಳಬಹುದು, ಅವನ್ನೂ ಹೇಳಿಬಿಡುತ್ತೇನೆ. 2008ರ ಒಂದು ಪ್ರಯೋಗದಲ್ಲಿ ಎಳೆಯ ಇಲಿಮರಿಗಳ ತಲೆಯನ್ನು ಸೀಸದಿಂದ ಮುಚ್ಚಿ ಮೈಗೆ ಮಾತ್ರ ಕಿರಣ ಕೊಟ್ಟರೂ ಮೆದುಳಿನಲ್ಲಿ ಗೆಡ್ಡೆ ಹೆಚ್ಚಾಯಿತು. ಆ ಇಲಿಗಳು ಮೆದುಳಿನ ಗೆಡ್ಡೆಗೆ ಹುಟ್ಟಿನಿಂದಲೇ ಈಡಾಗುವಂಥ ವಂಶದವು, ವಯಸ್ಸೂ ತೀರಾ ಎಳೆಯದು. ಅದೂ ಅದೇ ಇಲಿಯ ಮೈಯೊಳಗೆ ನಡೆದದ್ದು. ಇನ್ನೊಂದು 2006ರದು, ಮೀನಿನ ಮೇಲೆ. ಕಿರಣ ಪಡೆದ ಟ್ರೌಟ್ ಮೀನನ್ನು ಬೇರೆ ಮೀನುಗಳ ಜೊತೆ ಒಂದೇ ನೀರಿನಲ್ಲಿ ಬಿಟ್ಟಾಗ, ಆ ಬೇರೆ ಮೀನುಗಳ ಕೋಶಗಳಲ್ಲೂ ಪ್ರತಿಕ್ರಿಯೆ ಕಂಡಿತು. ಮೀನು ಉಸಿರಾಡುವುದೇ ಆ ನೀರನ್ನು, ಒಂದರ ಮೈಯಿಂದ ಬಿಟ್ಟ ವಸ್ತು ಇನ್ನೊಂದರ ಕಿವಿರಿಗೆ ಸೀದಾ ಹೋಗುತ್ತದೆ. ಮನುಷ್ಯರಿಗೆ ಕಿರಣ ಚಿಕಿತ್ಸೆ ಕೊಡಲು ಶುರುವಾಗಿ ನೂರು ವರ್ಷದ ಮೇಲಾಯಿತು. ಹೊರಗಿನಿಂದ ಕಿರಣ ಪಡೆದ ರೋಗಿಯ ಜೊತೆ ಬದುಕಿದ ಮನೆಯವರಿಗೆ ಅದರಿಂದ ಕಾಯಿಲೆ ಬಂದ ಪುರಾವೆ ಇಲ್ಲ.

ಚಿಕಿತ್ಸೆಯ ಲೆಕ್ಕದಲ್ಲಿ ಇದು ಯಾಕೆ ದೊಡ್ಡದಾಗಿ ಕಾಣುವುದಿಲ್ಲ ಅನ್ನುವುದಕ್ಕೂ ಕಾರಣ ಇದೆ. ಡೋಸ್ ಹೆಚ್ಚಿದಂತೆ ನೇರ ಹಾನಿ ಏರುತ್ತಾ ಹೋಗುತ್ತದೆ. ಬೈಸ್ಟ್ಯಾಂಡರ್ ಪರಿಣಾಮ ಹಾಗಲ್ಲ. ಅದು ಸಣ್ಣ ಡೋಸಿನಲ್ಲೇ ಪೂರ್ತಿ ಏರಿ ಅಲ್ಲಿಗೆ ನಿಲ್ಲುತ್ತದೆ. ಆರೂವರೆ ವಾರದಲ್ಲಿ 66 ಗ್ರೇ ಬೀಳುವ ಜಾಗದಲ್ಲಿ ಎಲ್ಲ ಕೋಶಗಳಿಗೂ ನೇರ ಏಟೇ ಬಿದ್ದಿರುತ್ತದೆ, ನೆರೆಯವರ ಸುದ್ದಿಗೆ ಅಲ್ಲಿ ಜಾಗವಿಲ್ಲ. ಜೊತೆಗೆ, ಯಾವ ಅಂಗಕ್ಕೆ ಎಷ್ಟು ಡೋಸ್ ತಡೆಯುತ್ತದೆ ಅನ್ನುವ ಮಿತಿಗಳನ್ನು ಕಂಡುಕೊಂಡಿರುವುದು ನಿಜವಾದ ರೋಗಿಗಳನ್ನು ವರ್ಷಗಟ್ಟಲೆ ನೋಡಿ. ಆ ರೋಗಿಗಳ ಮೈಯಲ್ಲೂ ಕೋಶಗಳು ಹೀಗೇ ಮಾತಾಡಿಕೊಂಡಿದ್ದವು. ಅದರ ಪಾಲೂ ಆ ಮಿತಿಗಳೊಳಗೆ ಬಂದೇ ಬಂದಿದೆ.

ಸುದ್ದಿ ದೂರ ಹೋಗಿ ಒಳ್ಳೆಯದಾದದ್ದೂ ಇದೆ. ಒಂದು ಗೆಡ್ಡೆಗೆ ಕಿರಣ ಕೊಟ್ಟಾಗ ದೂರದ ಇನ್ನೊಂದು ಗೆಡ್ಡೆ ಕುಗ್ಗುವುದಕ್ಕೆ ಆಬ್‌ಸ್ಕೋಪಲ್ ಪರಿಣಾಮ ಎನ್ನುತ್ತಾರೆ. ಈ ಹೆಸರು 1953ರಲ್ಲಿ ಮೋಲ್ ಎಂಬುವರು ಇಟ್ಟದ್ದು. ಸಾಯುವ ಕ್ಯಾನ್ಸರ್ ಕೋಶಗಳ ಚೂರುಗಳನ್ನು ನೋಡಿ ದೇಹದ ರೋಗನಿರೋಧಕ ಕೋಶಗಳು ಶತ್ರುವಿನ ಗುರುತು ಹಿಡಿದು ಉಳಿದ ಕಡೆಯೂ ಹೋಗಿ ದಾಳಿ ಮಾಡುತ್ತವೆ. ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಇಮ್ಯುನೋಥೆರಪಿ ಬಂದ ಮೇಲೆ, 2012ರಲ್ಲಿ ಚರ್ಮದ ಮೆಲನೋಮಾ ಕ್ಯಾನ್ಸರಿದ್ದ ಒಬ್ಬ ರೋಗಿಯಲ್ಲಿ ಇದನ್ನು ಚೆನ್ನಾಗಿ ದಾಖಲಿಸಿದರು. ಅಪರೂಪ. ಇದನ್ನೇ ನಂಬಿ ಕೂರುವಂತಿಲ್ಲ, ಆದರೆ ನನ್ನ ಕ್ಷೇತ್ರದಲ್ಲಿ ನಾನು ತುಂಬಾ ಆಸೆ ಇಟ್ಟುಕೊಂಡಿರುವ ವಿಷಯ ಇದು.

ನೆರೆಯ ಕೋಶದ ಪ್ರಶ್ನೆ ನಿಜಕ್ಕೂ ಮುಖ್ಯವಾಗುವುದು ಕಡಿಮೆ ಡೋಸಿನಲ್ಲಿ, ಎಲ್ಲೋ ಒಂದೊಂದು ಕೋಶಕ್ಕೆ ಮಾತ್ರ ಏಟು ಬೀಳುವಲ್ಲಿ. ನಿಮ್ಮ ಗಣಿಯ ಪ್ರಶ್ನೆ ಇಲ್ಲಿಗೆ ಸೇರುತ್ತದೆ. ಕೆಜಿಎಫ್‌ನ ಆಳದ ಬಗ್ಗೆ ನಿಮಗೆ ಒಂದು ಸಂಗತಿ ಹೇಳಬೇಕು. ಆಕಾಶದಿಂದ ಕಾಸ್ಮಿಕ್ ಕಣಗಳು ನಮ್ಮೆಲ್ಲರ ಮೈಮೇಲೆ ಹಗಲೂ ರಾತ್ರಿ ಬೀಳುತ್ತಲೇ ಇರುತ್ತವೆ. ಅವುಗಳ ಕಾಟ ಇರದ ಜಾಗ ಬೇಕು ಅಂತಲೇ ಭೌತವಿಜ್ಞಾನಿಗಳು ನಿಮ್ಮ ಊರಿನ ಗಣಿಗೆ ಬಂದರು. ನೆಲದಿಂದ ಎರಡು ಕಿಲೋಮೀಟರಿಗೂ ಜಾಸ್ತಿ ಆಳದಲ್ಲಿ ಯಂತ್ರ ಇಟ್ಟು, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಎಂಬ, ಬಂಡೆಯನ್ನೂ ಸಲೀಸಾಗಿ ಹಾದುಹೋಗುವ ಸೂಕ್ಷ್ಮ ಕಣಗಳ ಗುರುತನ್ನು 1965ರಲ್ಲಿ ಹಿಡಿದರು. ಆ ವಿಷಯದಲ್ಲಿ ಗಣಿಯೊಳಗೆ ಕಿರಣ ನೆಲದ ಮೇಲಿಗಿಂತ ಕಡಿಮೆ.

ಆದರೆ ಗಣಿಯಲ್ಲಿ ಇನ್ನೊಂದು ಮೂಲ ಇರುತ್ತದೆ, ರೇಡಾನ್. ಬಂಡೆಯಲ್ಲಿರುವ ಯುರೇನಿಯಂ ಕಿರಣ ಬಿಡುತ್ತಾ ಬೇರೆ ವಸ್ತುವಾಗಿ ಬದಲಾಗುತ್ತಾ ಹೋಗುವ ದಾರಿಯಲ್ಲಿ ಹುಟ್ಟುವ ಅನಿಲ ಅದು. ಬಣ್ಣ ಇಲ್ಲ, ವಾಸನೆ ಇಲ್ಲ. ಉಸಿರಿನ ಜೊತೆ ಒಳಗೆ ಹೋಗಿ, ಅದರ ಸಂತತಿ ವಸ್ತುಗಳು ಶ್ವಾಸನಾಳಕ್ಕೆ ಅಂಟಿಕೊಂಡು ಆಲ್ಫಾ ಕಣ ಬಿಡುತ್ತವೆ. ಮನೆಗಳಲ್ಲಿ ಇರುವಂಥ ರೇಡಾನ್ ಮಟ್ಟದಲ್ಲಿ ಶ್ವಾಸನಾಳದ ಹೆಚ್ಚಿನ ಕೋಶಗಳಿಗೆ ವರ್ಷಪೂರ್ತಿ ಒಂದು ಕಣವೂ ತಾಗುವುದಿಲ್ಲ. ತಾಗಿದ ಒಂದು ಕೋಶ ತಾಗದ ನೂರಾರು ಕೋಶಗಳಿಗೆ ಏನು ಹೇಳುತ್ತದೆ ಅನ್ನುವುದು ಅಲ್ಲಿ ದೊಡ್ಡ ಪ್ರಶ್ನೆಯಾಗುತ್ತದೆ. ಸಣ್ಣ ಡೋಸಿನ ಅಪಾಯವನ್ನು ಈಗಿನ ನಿಯಮಗಳು ನೇರ ಗೆರೆಯ ಲೆಕ್ಕದಲ್ಲಿ ಅಳೆಯುತ್ತವೆ, ಡೋಸ್ ಅರ್ಧವಾದರೆ ಅಪಾಯವೂ ಅರ್ಧ ಅಂತ. ನೆರೆಯ ಕೋಶಗಳ ಈ ಮಾತುಕತೆಯಿಂದ ಆ ಗೆರೆ ಮೇಲಕ್ಕೆ ಬಾಗುತ್ತದೋ ಕೆಳಕ್ಕೆ ಬಾಗುತ್ತದೋ ಅಂತ ವಿಜ್ಞಾನಿಗಳು ಇನ್ನೂ ವಾದ ಮಾಡುತ್ತಿದ್ದಾರೆ.

ನಿಮ್ಮ ಮಾವನವರ ವಿಷಯಕ್ಕೆ ಬಂದರೆ, ರೇಡಾನ್‌ಗೆ ಗಟ್ಟಿ ಸಂಬಂಧ ಇರುವುದು ಶ್ವಾಸಕೋಶದ ಕ್ಯಾನ್ಸರಿಗೆ. ಧ್ವನಿಪೆಟ್ಟಿಗೆಯ ಕ್ಯಾನ್ಸರಿನ ದೊಡ್ಡ ಕಾರಣ ಬೀಡಿ, ಸಿಗರೇಟು. ಮದ್ಯವೂ ಸೇರಿದರೆ ಅಪಾಯ ಹಲವು ಪಟ್ಟು. ಅವರಿಗೆ ಬೀಡಿ ಅಭ್ಯಾಸ ಇತ್ತೇ ಅಂತ ನೀವು ಬರೆದಿಲ್ಲ. ಇದ್ದರೆ ಅದೇ ಮೊದಲ ಅನುಮಾನ, ಈಗಲೂ ಸೇದುತ್ತಿದ್ದರೆ ಇವತ್ತೇ ನಿಲ್ಲಿಸಬೇಕು. ಕಿರಣ ಚಿಕಿತ್ಸೆ ನಡೆಯುವಾಗ ಸೇದಿದರೆ ಗೆಡ್ಡೆಗೆ ಕಿರಣ ಸರಿಯಾಗಿ ಹತ್ತುವುದಿಲ್ಲ, ಹುಣ್ಣೂ ಬೇಗ ಮಾಯುವುದಿಲ್ಲ. ಗಣಿಯಲ್ಲಿ ಧೂಳು ಕುಡಿದ ಎದೆ ಅಂತ ಡಾಕ್ಟರಿಗೆ ಹೇಳಿ, ಎದೆಯ ಸ್ಕ್ಯಾನ್ ನೋಡುವಾಗ ಅವರಿಗೆ ಅದು ಉಪಯೋಗಕ್ಕೆ ಬರುತ್ತದೆ.

ಕೋಲಾರದ ಕಡೆಯಿಂದ ಬರೆಯುವವರು ಬೋರ್‌ವೆಲ್ ನೀರಿನ ಯುರೇನಿಯಂ ಬಗ್ಗೆಯೂ ಕೇಳುತ್ತಾರೆ, ಒಂದೆರಡು ಮಾತು ಹೇಳುತ್ತೇನೆ. ನಮ್ಮ ಗ್ರಾನೈಟ್ ಸೀಮೆಯ ಆಳದ ನೀರಿನಲ್ಲಿ ಕೆಲವು ಕಡೆ ಅದು ಸಿಕ್ಕಿರುವುದು ನಿಜ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಅದರ ಮುಖ್ಯ ತೊಂದರೆ ವಿಕಿರಣದ್ದಲ್ಲ, ಅದೊಂದು ಲೋಹವಾಗಿ ಮೂತ್ರಪಿಂಡಕ್ಕೆ ಮಾಡುವ ಹಾನಿ. ಆರ್‌ಒ ಘಟಕದ ನೀರಿನಲ್ಲಿ ಅದು ಬಹುಮಟ್ಟಿಗೆ ಹೋಗಿರುತ್ತದೆ. ಮಾವನವರ ಗಂಟಲಿಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನು ಉಳಿದ 14 ಸಿಟ್ಟಿಂಗ್‌ಗಳಲ್ಲಿ ಮನೆಯವರು ಮಾಡಬೇಕಾದ ಕೆಲಸ ಇದೆ. ಬರುವ ವಾರಗಳಲ್ಲಿ ನುಂಗುವ ನೋವು ಇನ್ನೂ ಜಾಸ್ತಿಯಾಗಬಹುದು, ಮುಗಿದ ಮೇಲೂ ಎರಡು ಮೂರು ವಾರ ಇರುತ್ತದೆ. ಆಮೇಲೆ ನಿಧಾನವಾಗಿ ಇಳಿಯುತ್ತದೆ. ರಾಗಿ ಅಂಬಲಿ, ಮೊಸರು ಕಲಸಿ ಮೆತ್ತಗೆ ಕಿವುಚಿದ ಅನ್ನ, ಬೇಯಿಸಿದ ಮೊಟ್ಟೆ, ತೊವ್ವೆ, ಖಾರ ಹುಳಿ ಇಲ್ಲದ ಸಾರು, ಏನು ಇಳಿಯುತ್ತದೋ ಅದನ್ನು ಸ್ವಲ್ಪ ಸ್ವಲ್ಪ, ದಿನಕ್ಕೆ ಆರೇಳು ಸಲ ಕೊಡಿ. ವಾರಕ್ಕೊಮ್ಮೆ ತೂಕ ನೋಡಿ. ತೂಕ ಇಳಿದರೆ ಕತ್ತು ಸಣ್ಣಗಾಗಿ ಮಾಸ್ಕ್ ಸಡಿಲವಾಗುತ್ತದೆ, ಆಗ ಕಿರಣದ ಗುರಿಯೂ ತಪ್ಪಬಹುದು. ಮಾಸ್ಕ್ ಸಡಿಲ ಅನ್ನಿಸಿದರೆ ಟೆಕ್ನಿಷಿಯನ್‌ಗೆ ಆಗಲೇ ಹೇಳಲಿ. ಉಪ್ಪು ಮತ್ತು ಅಡುಗೆ ಸೋಡಾ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸಲಿ. ಕತ್ತಿನ ಚರ್ಮಕ್ಕೆ ಡಾಕ್ಟರು ಬರೆದುಕೊಟ್ಟದ್ದನ್ನು ಬಿಟ್ಟು ಅರಿಶಿನ, ಎಣ್ಣೆ, ಪೌಡರು ಏನೂ ಹಚ್ಚಬೇಡಿ. ಒರಟು ಕಾಲರಿನ ಅಂಗಿ ಬೇಡ, ಹಳೆಯ ಹತ್ತಿ ಅಂಗಿ ಹಾಕಲಿ. ನೀರೂ ಇಳಿಯದಂತಾದರೆ, ಉಸಿರಾಡುವಾಗ ಸದ್ದು ಬಂದರೆ, ಜ್ವರ ಬಂದರೆ ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಹಲ್ಲಿನ ವಿಷಯ ವರ್ಷಗಟ್ಟಲೆ ನೆನಪಿಡಬೇಕು. ದವಡೆಯ ಮೂಳೆಗೆ ಕಿರಣ ಬಿದ್ದಿದ್ದರೆ ಅಲ್ಲಿ ರಕ್ತನಾಳಗಳು ಕಡಿಮೆಯಾಗಿರುತ್ತವೆ, ಹಲ್ಲು ಕಿತ್ತ ಗಾಯ ಮಾಯದೆ ಮೂಳೆ ಕೊಳೆಯಬಹುದು. ಧ್ವನಿಪೆಟ್ಟಿಗೆಗೆ ಮಾತ್ರ ಕಿರಣ ಕೊಟ್ಟಿದ್ದರೆ ಈ ಭಯ ಕಡಿಮೆ, ಕತ್ತಿನ ಗಂಟುಗಳನ್ನೂ ಸೇರಿಸಿ ಕೊಟ್ಟಿದ್ದರೆ ಜಾಸ್ತಿ. ಯಾವುದು ಅಂತ ಈ ವಾರವೇ ಕೇಳಿ ಬರೆಸಿಕೊಳ್ಳಿ. ಮುಂದೆ ಬಂಗಾರಪೇಟೆಯಲ್ಲೋ ಕೋಲಾರದಲ್ಲೋ ಹಲ್ಲು ಕೀಳಿಸಬೇಕಾಗಿ ಬಂದರೆ, ಆ ಚೀಟಿ ಮತ್ತು ಡಿಸ್ಚಾರ್ಜ್ ಸಮ್ಮರಿ ಎರಡನ್ನೂ ದಂತವೈದ್ಯರಿಗೆ ತೋರಿಸಿದ ಮೇಲೆಯೇ ಬಾಯಿ ತೆರೆಯಲಿ.